ಈಗ್ತಾನೆ ಊಟಕ್ಕೆ ಹೋದ್ರು

೧೧ ಮಾರ್ಚ್
ಈ ಸುದ್ದಿ ಹೇಳಿದ್ದು ಜೊತೆಗೆ ಕೆಲಸ ಮಾಡುವ ಪುಷ್ಪಲತಾ. ಇವತ್ತು ಮಧ್ಯಾಹ್ನ, ನಮ್ಮ ಆಸ್ಪತ್ರೆಯ ಫಾರ್ಮಸಿ ಕೌಂಟರಿನ ಹಿಂದೆ, ಊಟದ ಡಬ್ಬಿ ಬಿಚ್ಚುತ್ತಾ. ಕೊಬ್ಬರಿ ಹರಾಜಿನ ದಿನ, ತಿಪಟೂರೆಲ್ಲ ಜನ. ನಾನು ಇನ್ಸುಲಿನ್ ಫ್ರಿಜ್‌ನಲ್ಲಿ ಜೋಡಿಸುತ್ತಿದ್ದೆ.

"ಒಂದು ದೇಶದಲ್ಲಿ ಫಾರ್ಮಸಿಸ್ಟ್‌ಗಳು ಸಾಲ್ತಿಲ್ವಂತೆ ಕಣೇ ಶಿಲ್ಪ. ಹೊರಗಿನೋರಿಗೆ ಒಂದು ವರ್ಷದ ಪರ್ಮಿಟ್ ಕೊಡ್ತಾರಂತೆ. ದೊಡ್ಡ ಪರೀಕ್ಷೆ ಇಲ್ಲ. ಅವರು ಹೇಳಿದ ಆಸ್ಪತ್ರೇಲೇ, ಅವರ ಸೀನಿಯರ್ ಕಣ್ಣೆದುರಿಗೇ ಕೆಲ್ಸ. ವರ್ಷ ಆದ್ಮೇಲೆ ವಾಪಸ್."

"ನಮ್ಮಂಥೋರಿಗೆ ಕೊಡ್ತಾರಾ?"

"ಈಚೆಗೆ ನಿಜವಾಗ್ಲೂ ಕೌಂಟರಲ್ಲಿ ನಿಂತಿರ್ಬೇಕಂತೆ, ಅಷ್ಟೆ. ನೀನು ನಿಂತೂ ನಿಂತೂ ಕಾಲ್ ನರ ಉಬ್ಬಿಸ್ಕೊಂಡಿಲ್ವಾ?"

ದೇಶದ ಹೆಸರು ಬರೆಯುವುದಿಲ್ಲ. ದೃಷ್ಟಿಯಾದೀತು.

೨ ಏಪ್ರಿಲ್
ಅರ್ಜಿ ಹಾಕಿದ್ದಾಯಿತು. ಇವತ್ತು ಅಲ್ಲಿಯವರು ವಿಡಿಯೊದಲ್ಲಿ ಮಾತಾಡಿಸಿದರು. ನರೆಗೂದಲಿನ ಹೆಂಗಸು. ಡಾಕ್ಟರು ಡೋಸ್ ಜಾಸ್ತಿ ಬರೆದರೆ ಏನು ಮಾಡುತ್ತೀರಿ ಎಂದರು. ಔಷಧಿ ಕೊಡದೆ ಮೊದಲು ಡಾಕ್ಟರಿಗೆ ಫೋನ್ ಮಾಡುತ್ತೇನೆ ಎಂದೆ. ಹೋದ ವರ್ಷ ಹಾಗೆ ಮಾಡಿಯೇ ಇಲ್ಲಿ ಡಾಕ್ಟರಿಂದ ಬೈಸಿಕೊಂಡಿದ್ದೆ — "ಮಾತ್ರೆ ಎಣಿಸಮ್ಮ, ಸಾಕು." ಆಕೆ ತಲೆಯಾಡಿಸಿ ಬರೆದುಕೊಂಡರು. ಅಲ್ಲಿ ನಮ್ಮ ಕೆಲಸವೇ ಅದಂತೆ.

ಒಂದೇ ವರ್ಷ ಸಾಕು ನನಗೆ. ಒಂದು ವರ್ಷ ಫಾರ್ಮಸಿಸ್ಟ್ ಆಗಿದ್ದು ಬರುತ್ತೇನೆ.

೭ ಏಪ್ರಿಲ್, ಕಂದಿಕೆರೆ
ರಜೆ. ಊರಿಗೆ ಬಂದೆ. ಅವ್ವನ ತಮ್ಮ ಮಲ್ಲೇಶ್ ಮಾವನ ಮೆಡಿಕಲ್ಸ್‌ಗೆ ಹೋಗಿದ್ದೆ. ದೇವರ ಫೋಟೊ ಪಕ್ಕದಲ್ಲಿ ನನ್ನ ಫಾರ್ಮಸಿಸ್ಟ್ ಸರ್ಟಿಫಿಕೇಟ್. ಫ್ರೇಮು, ಗಾಜು, ಗಾಜಿನ ಮೇಲೆ ಕುಂಕುಮ. ಅದಿಲ್ಲದೆ ಅಂಗಡಿಗೆ ಲೈಸೆನ್ಸ್ ಇಲ್ಲ. ಮಾವ ಓದಿದ್ದು ಪಿಯುಸಿ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು ಅವನೇ. ಸರ್ಟಿಫಿಕೇಟ್ ಕೈಗೆ ಬಂದ ದಿನವೇ ಮೊಳೆ ಹೊಡೆದ.

ಆ ಕೌಂಟರಿನ ಹಿಂದೆ ನಾನು ಒಂದು ದಿನವೂ ನಿಂತವಳಲ್ಲ. ಇನ್ಸ್‌ಪೆಕ್ಟರ್ ಬಂದು ಫಾರ್ಮಸಿಸ್ಟ್ ಎಲ್ಲಿ ಎಂದರೆ ಮಾವನದು ಒಂದೇ ಮಾತು — "ಈಗ್ತಾನೆ ಊಟಕ್ಕೆ ಹೋದ್ರು ಸಾರ್."

"ಮಾವ, ಅದನ್ನ ಇಳಿಸ್ಬೇಕು. ನಾನು ಈ ಅಂಗಡೀಲೇ ಕೆಲ್ಸ ಮಾಡೋದು ಅಂತ ಸರ್ಕಾರಿ ದಾಖಲೇಲಿದೆ."

"ಇಳ್ಸಾಣ ಬುಡು. ಮೊದ್ಲು ವೀಸಾ ಬರ್ಲಿ. ಯಾರಾನ ಕೇಳಿದ್ರೆ ಚೆನ್ನಾಗೇ ಹೇಳ್ತೀನಿ ಕಣವ್ವ."

ಇನ್ನೊಂದು ಸಲ ಹೇಳಲು ನಾಲಿಗೆ ಬರಲಿಲ್ಲ. ಅವನ ಅನ್ನ ತಿಂದ ನಾಲಿಗೆ.

೨೨ ಮೇ
ಮೇಲ್ ಬಂತು. ಇಲ್ಲ ಎಂದಿದ್ದಾರೆ.

ಆಸ್ಪತ್ರೆಯವರು ನಾನು ಇಡೀ ದಿನ ಇಲ್ಲಿದ್ದೆ ಅನ್ನುತ್ತಾರೆ. ದಾಖಲೆಯಲ್ಲಿರುವ ಕಂದಿಕೆರೆ ಅಂಗಡಿಯವರು ಇಡೀ ದಿನ ಅಲ್ಲಿದ್ದೆ ಅನ್ನುತ್ತಾರೆ. ಯಾವುದನ್ನೂ ನಂಬುವ ಹಾಗಿಲ್ಲವಂತೆ. ಮೂರು ಸಾಲು. ಮರ್ಯಾದೆಯಿಂದಲೇ ಬರೆದಿದ್ದಾರೆ.

ಪುಷ್ಪಲತಾ ಮೇಲ್ ಓದಿದಳು. ನನ್ನ ಕೌಂಟರಿಗೂ ಅವಳೇ ನಿಂತಳು.

೨೩ ಮೇ, ಕಂದಿಕೆರೆ, ಸಂಜೆ
ಜಗಲಿಯ ಮೇಲೆ ಅವ್ವ, ಮಾವ, ಮಾವನ ಮಗಳು ಗಾನವಿ. ಅವಳದೂ ಡಿ.ಫಾರ್ಮ ಮುಗಿದು ಹೋದ ತಿಂಗಳು ರಿಜಿಸ್ಟ್ರೇಷನ್ ಆಗಿದೆ. ಮೊದಲಿನಿಂದ ಎಲ್ಲ ಹೇಳಿದೆ.

"ಫೋನ್ ಬಂದಿತ್ತಾ ಮಾವ?"

"ಬಂದಿತ್ತು ಕಣವ್ವ, ಮೂರು ಸಲ. ಇಂಗ್ಲಿಷ್ನೋರು. ಮೇಡಂ ಇದಾರಾ ಅಂದ್ರು. ಈಗ್ತಾನೆ ಊಟಕ್ಕೆ ಹೋದ್ರು ಅಂದೆ. ಇಂಗ್ಲಿಷಲ್ಲೇ ಅಂದೆ."

"ಎಷ್ಟೊತ್ತಿಗೆ?"

"ಒಂದ್ಸಲ ಬೆಳಗ್ಗೆ ಹತ್ತು. ಆಮೇಲೆ ಒಂದಿನ ಸಂಜೆ ನಾಕು..."

ಗಾನವಿ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು.

"ದಿನಾ ಬತ್ತಾರಾ ಅಂದ್ರು. ಅಂಗಡಿ ತೆಗೆದಾಗಿಂದ ಮುಚ್ಚೋಗಂಟ ಇಲ್ಲೇ ಇರ್ತಾರೆ, ಒಂದಿನಾನೂ ತಪ್ಸಿಲ್ಲ ಅಂದೆ. ನಿನ್ ಹೆಸ್ರಿಗೆ ಒಂದು ಕುಂದು ಬರಂಗೆ ಹೇಳ್ಲಿಲ್ಲ ಕಣವ್ವ."

ಅವನ ಮುಖ ನೋಡಿದೆ. ಸುಳ್ಳು ಹೇಳಿದವನ ಮುಖವಲ್ಲ. ಕೈಲಾದ ಸಹಾಯ ಮಾಡಿದವನ ಮುಖ. ಬೈಯಲು ಒಂದು ಜಾಗವೂ ಸಿಗಲಿಲ್ಲ ಅದರಲ್ಲಿ.

"ನಾನು ಆಸ್ಪತ್ರೇಲಿ ನಿಂತಿದ್ದೆಲ್ಲ ಸುಳ್ಳಾಯ್ತಲ್ಲ ಮಾವ."

"ಸುಮ್ಕಿರೇ," ಅವ್ವ ಅಂದಳು. "ಅವ್ನಿಲ್ದಿದ್ರೆ ನೀನು ಓದ್ತಿದ್ಯಾ?"

"ಓದಿದ್ದು ಗೋಡೆ ಮೇಲೈತಲ್ಲವ್ವ. ನಾಳೆ ಅದನ್ನ ಇಳಿಸು ಮಾವ. ನಾನು ತಗೊಂಡು ಹೋಗ್ತೀನಿ."

ಮಾವ ಟವೆಲ್ ಮಡಿಸಿ ಹೆಗಲಿಗೆ ಹಾಕಿಕೊಂಡ. "ಆಯ್ತು. ಇಳುಸ್ತೀನಿ."

ಒಳಗೆ ಹೋಗುವಾಗ ಗಾನವಿ ಪಕ್ಕಕ್ಕೆ ಬಂದಳು. "ಅತ್ತಿಗೆ, ಆ ಪರ್ಮಿಟ್ ಮುಂದಕ್ಕೂ ಕೊಡ್ತಾರಾ? ನಾನು ನಿಮ್ಮಾಸ್ಪತ್ರೇಲಿ ಸೇರ್ಕೊಳ್ಲಾ?"

"ನಾಳೆ ಮೊದಲ್ನೇ ಬಸ್ಸಿಗೇ ಹೋಗು. ಪುಷ್ಪಲತಾನ ಕೇಳು," ಎಂದೆ.

೨೪ ಮೇ, ಬೆಳಗ್ಗೆ ಎಂಟೂವರೆ, ಬಸ್ ಸ್ಟಾಪು
ನಿನ್ನೆ ನನ್ನ ಕತೆ ಕೇಳಿದವರೆಲ್ಲ ಬೆಳಗ್ಗೆ ಎದ್ದು ತಮ್ಮ ತಮ್ಮ ಕೆಲಸಕ್ಕೆ ಹೋದರು. ಅವ್ವ ಹಸುವಿಗೆ ಹುಲ್ಲು ಹಾಕಿ ಬಂದು ರೊಟ್ಟಿ ಬಡಿದಳು. ಗಾನವಿ ಮೊದಲ ಬಸ್ಸು ಹಿಡಿದಳು, ತಿಪಟೂರಿಗೆ. ಹತ್ತಿಸಿ ಬಂದದ್ದು ನಾನೇ.

ಮಾವ ಆಗಲೇ ಅಂಗಡಿ ತೆಗೆದಿದ್ದ. ನನ್ನ ಸರ್ಟಿಫಿಕೇಟನ್ನು ಪೇಪರಿನಲ್ಲಿ ಸುತ್ತಿ ದಾರ ಕಟ್ಟಿ ಕೌಂಟರಿನ ಮೇಲಿಟ್ಟಿದ್ದ. ಮಾತು ತಪ್ಪುವವನಲ್ಲ.

ತಲೆಯೆತ್ತಿ ನೋಡಿದೆ. ಅದೇ ಮೊಳೆ. ಅದೇ ಫ್ರೇಮು, ಅದೇ ಕುಂಕುಮದ ಗಾಜು. ಒಳಗೆ ಗಾನವಿಯ ಹೆಸರು.

"ಗಾನವಿ ಎಲ್ಲಿ ಮಾವ?" ಗೊತ್ತಿದ್ದೂ ಕೇಳಿದೆ.

ಮಾತ್ರೆ ಸ್ಟ್ರಿಪ್ ಕತ್ತರಿಸುತ್ತಿದ್ದ. ತಲೆ ಎತ್ತಲಿಲ್ಲ.

"ಈಗ್ತಾನೆ ಊಟಕ್ಕೆ —"