ಮುದ್ರೆಯ ಕೆಳಗಿನ ಸಾಲು

ಗದಗ
೨೧೮೭ನೆಯ ಇಸವಿ, ಎರಡನೆಯ ಮುಂಗಾರಿನ ಮೊದಲ ವಾರ

ಬಿಸಿನೆಸ್ ಸ್ಕೂಲುಗಳಲ್ಲಿ ಪಾಠ ಹೇಳುತ್ತಿರುವ ನನ್ನ ಹಿರಿಯರಿಗೆ ನೀಲಾಂಬಿಕಾ ಹೊಂಬಳ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ಕುಚೇಷ್ಟೆ ಮಾಡಿದ್ದಾರೆಂದು ಕಾಗದವನ್ನು ಬದಿಗಿಡಬೇಡಿ. ನನ್ನ ಮಾತು ಅಲ್ಲಲ್ಲಿ ನಿಮಗೆ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಿಮ್ಮ ಕಾಲದ ಹಳೆಯ ವರದಿಗಳನ್ನು ಓದಿ ಓದಿ ನಿಮ್ಮ ಧಾಟಿಯನ್ನು ಆದಷ್ಟು ರೂಢಿಸಿಕೊಂಡಿದ್ದೇನೆ. ಗುಣಮಟ್ಟ ಅಳೆಯುವ ತಂಡ ಬರುತ್ತದೆಂದು ತಿಳಿದ ಕೂಡಲೇ ನೀವು ಗೋಡೆಗೆ ಬಣ್ಣ ಹೊಡೆಸುತ್ತೀರಿ, ಬಾಡಿಗೆಗೆ ಹೂಕುಂಡ ತರಿಸುತ್ತೀರಿ, ಏನು ಕೇಳಿದರೆ ಏನು ಹೇಳಬೇಕೆಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೀರಿ ಎಂಬುದು ನನಗೆ ತಿಳಿದದ್ದು ಹಾಗೆ. ನಾನು ನಗುತ್ತಿಲ್ಲ. ನಾವೂ ಅದನ್ನೇ ಮಾಡಿದೆವು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಊರು ಗಾಳಿಹೊತ್ತಿನ ಮೇಲೆ ನಡೆಯುತ್ತದೆ. ಕಪ್ಪತಗುಡ್ಡದ ಕಡೆಯಿಂದ ಗಾಳಿ ಜೋರಾಗಿ ಬೀಸಿ ಯಂತ್ರಗಳಿಗೆಲ್ಲ ಜೀವ ಬರುವ ಸಮಯವೇ ಗಾಳಿಹೊತ್ತು. ಆಗ ಅಂಗಡಿಗಳು ತೆರೆಯುತ್ತವೆ, ಗಿರಣಿಗಳು ತಿರುಗುತ್ತವೆ, ನಾನು ಪಾಠ ಹೇಳುವ ವ್ಯಾಪಾರಶಾಲೆಯ ಗಂಟೆಯೂ ಮೊಳಗುತ್ತದೆ. ಗಾಳಿ ನಿಂತರೆ ಜನ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಾರೆ, ಅವರಿವರ ಮನೆಯ ಸುದ್ದಿ ಆಡುತ್ತಾರೆ. ನಮ್ಮ ವಿದ್ಯಾರ್ಥಿಗಳು ಕೊನೆಯ ವರ್ಷ ಪೇಟೆಯಲ್ಲಿ ಒಂದು ಸಣ್ಣ ವ್ಯಾಪಾರ ಹಾಕಿ ನಡೆಸಲೇಬೇಕು. ಹಾಗೆ ಕಲಿತು ಹೊರಟವರು ಹೊರಗೆ ಎಲ್ಲಾದರೂ ವ್ಯವಹಾರ ಮಾಡಬೇಕಾದರೆ ಅವರ ಶಾಲೆಗೆ ಸೀಮೆಮುದ್ರೆ ಇರಬೇಕು. ಅದು ಸುತ್ತಲಿನ ಐದು ಸೀಮೆಗಳು ಕೂಡಿ ಕೊಡುವ ಮಾನ್ಯತೆ. ಅದಿಲ್ಲದಿದ್ದರೆ ನಮ್ಮ ಪದವಿ ಊರ ಅಗಸಿಬಾಗಿಲನ್ನೂ ದಾಟುವುದಿಲ್ಲ.

ಈ ಮುದ್ರೆ ಕೊಡುವವರನ್ನು ನೋಟಕರು ಎನ್ನುತ್ತೇವೆ. ಅವರು ನಮ್ಮ ಕಟ್ಟಡ ನೋಡುತ್ತಾರೆ, ಪಾಠ ಕೇಳುತ್ತಾರೆ, ಊಟವನ್ನೂ ಮಾಡುತ್ತಾರೆ. ಆದರೆ ಕೊನೆಗೆ ಅವರು ತೂಗುವುದು ಎದುರುಮಾತನ್ನು. ನಮ್ಮಲ್ಲಿ ಕಲಿತವರ ವ್ಯಾಪಾರದಿಂದ ಪೆಟ್ಟು ತಿಂದ ಒಬ್ಬರನ್ನು ನಾವೇ ಹುಡುಕಿ ಅವರ ಮುಂದೆ ಕೂರಿಸಬೇಕು. ಆ ವ್ಯಕ್ತಿ ಹೇಳಿ ಮುಗಿಸಿದ ಮೇಲೆ ಶಾಲೆಯ ಪರವಾಗಿ ಒಬ್ಬರು ಒಂದೇ ಸಲ ಉತ್ತರ ಕೊಡಬಹುದು. ಆ ದೂರು ಹುಸಿಯೆನಿಸಿದರೆ ಮುದ್ರೆ ಇಲ್ಲ. ಮುದ್ರೆ ಸಿಕ್ಕರೆ ಅದನ್ನು ಹೆಬ್ಬಾಗಿಲ ಕಲ್ಲಿನಲ್ಲಿ ಕೆತ್ತುತ್ತಾರೆ. ಅದರ ಕೆಳಗೆ, ಒಳಗೆ ಬರುವವರೆಲ್ಲ ಓದುವಂತೆ, ಎದುರುಮಾತಿನ ಒಂದು ಸಾಲನ್ನೂ ಕೆತ್ತುತ್ತಾರೆ.

ನಮಗೆ ಎರಡು ಸಲ ಮುದ್ರೆ ನಿರಾಕರಿಸಿದ್ದರು. ನಮ್ಮ ಪ್ರಾಚಾರ್ಯರಾದ ಸಿದ್ರಾಮ ಸೊರಟೂರರು ಮೊದಲ ಸಲ ಒಬ್ಬ ಚಹಾದವನನ್ನು ಕರೆತಂದರು. ಮಕ್ಕಳ ಗದ್ದಲದಿಂದ ತನಗೆ ನಿದ್ದೆ ಬರುವುದಿಲ್ಲ ಎಂಬುದೇ ಅವನ ದೂರು. ಎರಡನೆಯ ಸಲ ಬಂದವರು ದೂರಿಗಿಂತ ಹೆಚ್ಚಾಗಿ ನಮ್ಮನ್ನು ಹೊಗಳಿದರು. ಮೂರನೆಯ ಸಲವೂ ಮುದ್ರೆ ತಪ್ಪಿದರೆ ಶಾಲೆ ಮುಚ್ಚಿ ಕಟ್ಟಡವನ್ನು ನೀರುಮನೆಗೆ ಬಿಟ್ಟುಕೊಡಬೇಕಿತ್ತು, ಅಂದರೆ ಊರಿನ ಮಳೆನೀರು ತುಂಬಿಡುವ ಉಗ್ರಾಣಕ್ಕೆ. ಅರ್ಧ ಓದಿದ ಮಕ್ಕಳು ಬೇರೆ ಕಡೆ ಹೋಗಿ ಮತ್ತೆ ಮೊದಲಿನಿಂದ ಶುರುಮಾಡಬೇಕಿತ್ತು. ನನ್ನ ಇಡೀ ಆಯುಷ್ಯ ಆ ಮಕ್ಕಳ ನಡುವೆ ಕಳೆದಿದೆ.

ಈ ಸಲ ಯಾರನ್ನು ಕರೆಯಬೇಕೆಂದು ಊರಿಗೇ ಗೊತ್ತಿತ್ತು. ಸ್ಟೇಷನ್ ರಸ್ತೆಯಲ್ಲಿ ಹುಸೇನಬಿ ನದಾಫರ ಗಾದಿ ಅಂಗಡಿ ಇತ್ತು. ತಲೆಮಾರುಗಳಿಂದ ಹತ್ತಿ ಹಿಂಜಿ ಗಾದಿ ಹೊಲಿಯುತ್ತ ಬಂದ ಮನೆ ಅವರದು. ಆಕೆಯ ಬಾಯಿಗೆ ಹೆದರದವರಿಲ್ಲ. ನಮ್ಮಲ್ಲೇ ಓದಿದ ಮೃತ್ಯುಂಜಯ ಆಕೆಯ ಅಂಗಡಿಯ ಎದುರಿಗೇ ಬಾಡಿಗೆ ಗಾದಿಯ ಮಳಿಗೆ ಹಾಕಿದ. ಆಕೆಯ ಗಿರಾಕಿಗಳೆಲ್ಲ ತನ್ನ ಕಡೆ ಬರುವವರೆಗೆ ಪುಕ್ಕಟೆಯ ಹಾಗೆ ಕೊಟ್ಟ. ಆಕೆ ಬಾಗಿಲು ಎಳೆದ ಮೇಲೆ ದರ ಏರಿಸಿದ. ಅವನು ಕಾನೂನು ಮುರಿಯಲಿಲ್ಲ. ನಾವು ಹೇಳಿಕೊಟ್ಟದ್ದನ್ನೇ ಮಾಡಿದ, ಅದಕ್ಕೆ ನಾವು ವೇದಿಕೆಯ ಮೇಲೆ ಶಾಲು ಹೊದಿಸಿ ಬಹುಮಾನವನ್ನೂ ಕೊಟ್ಟೆವು.

ಹುಸೇನಬಿ ಬರಲು ಒಪ್ಪಿದಾಗ ನಮ್ಮವರ ಎದೆಯಲ್ಲಿ ಅವಲಕ್ಕಿ ಕುಟ್ಟಿತು. ಆಕೆ ನೋಟಕರ ಮುಂದೆ ಬೈದುಬಿಟ್ಟರೆ ಗತಿಯೇನು? ಮಾರಾಟಗಾರಿಕೆ ಕಲಿಸುವ ಅಂದಾನೆಪ್ಪ ಬಿಂಕದಕಟ್ಟಿ ಒಂದು ದಾರಿ ಕಂಡುಹಿಡಿದರು. ನಿಮ್ಮ ದೂರನ್ನು ಮುಚ್ಚುವುದಿಲ್ಲ, ಅದು ಚೆನ್ನಾಗಿ ಮುಟ್ಟುವಂತೆ ಹೇಳಿಕೊಡುತ್ತೇವೆ ಎಂದು ಆಕೆಯನ್ನು ಒಪ್ಪಿಸಿದರು. ಅವರಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಯಾವುದನ್ನು ಕಂಡರೂ ಅದನ್ನು ತಿದ್ದಿ ತೀಡಿ ಅಂದಗೊಳಿಸದೆ ಬಿಡಲಾರದ ಜಾತಿ ನಮ್ಮದು. ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ತಗ್ಗಿಸಬೇಕು, ಯಾವ ಮಾತನ್ನು ಕೊನೆಗಿಡಬೇಕು ಎಂದು ಗಾಳಿಹೊತ್ತು ಮುಗಿದ ಮೇಲೆ ದಿನವೂ ತಾಲೀಮು ನಡೆಯಿತು. ಹುಸೇನಬಿ ಬಲು ಚುರುಕು. ನಮ್ಮ ಎಷ್ಟೋ ವಿದ್ಯಾರ್ಥಿಗಳಿಗಿಂತ ಬೇಗ ಕಲಿತರು.

ನೋಟಕರು ಕರಾವಳಿಯಿಂದ ಬಂದಿದ್ದರು. ಅವರ ಮುಖ್ಯಸ್ಥೆ ಲೀಲಾಕ್ಷಿ ಉಚ್ಚಿಲ ಹೆಚ್ಚು ಮಾತನಾಡುವವರಲ್ಲ. ಸಭಾಂಗಣದಲ್ಲಿ ನಾವೆಲ್ಲ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದೆವು. ಮಕ್ಕಳು ಹೊರಗೆ ಅಂಗಳದಲ್ಲಿ ನಿಂತಿದ್ದರು. ಹುಸೇನಬಿ ಎದ್ದು ನಿಂತು ಹೇಳಿದರು. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಕೊನೆಯಲ್ಲಿ, ಹೇಳಿಕೊಟ್ಟಂತೆಯೇ, ಒಂದು ಕ್ಷಣ ಸುಮ್ಮನೆ ನಿಂತು ಕೈ ಮುಗಿದರು. ಅಂದಾನೆಪ್ಪನವರ ಮುಖ ಅರಳಿತು. ಅಷ್ಟರಲ್ಲಿ ಗಾಳಿ ಅಡಗಿ ಫ್ಯಾನುಗಳು ನಿಂತವು. ಆ ಸದ್ದಿಲ್ಲದ ಕೋಣೆಯಲ್ಲಿ ಲೀಲಾಕ್ಷಿಯವರು ಪೆನ್ನು ಕೆಳಗಿಟ್ಟರು.

"ಚಂದ ಮಾತಾಡಿದ್ರಿ," ಎಂದರು. "ಆದ್ರೆ ಇದು ನಿಮ್ಮ ಮಾತು ಅಂತ ನನಗೆ ಅನ್ನಿಸುದಿಲ್ಲ."

ಎಲ್ಲ ಮುಗಿಯಿತು ಎಂದುಕೊಂಡೆ. ಪ್ರಾಚಾರ್ಯರು ಕಣ್ಣು ಮುಚ್ಚಿದರು. ಹುಸೇನಬಿ ಕೂರಲಿಲ್ಲ. ನಿಧಾನವಾಗಿ ನಮ್ಮ ಕಡೆ ತಿರುಗಿದರು. ಬೈಯುತ್ತಾರೆಂದು ನಾವೆಲ್ಲ ಕಾದೆವು, ಆದರೆ ದನಿ ಏರಲಿಲ್ಲ.

"ಮದ್ಲ ನನ್ನ ಗಿರಾಕಿ ಒಯ್ದ್ರಿ. ಈಗ ನನ್ನ ಸಿಟ್ಟೂ ಒಯ್ದ್ರಿ. ಇನ್ನೇನ್ ಉಳದೈತ್ರಿ ನಿಮಗ ಕೊಡಾಕ?"

ಶಾಲೆಯ ಪರವಾಗಿ ಉತ್ತರ ಕೊಡಬೇಕಾದವಳು ನಾನು. ಹೊಸ ಪಠ್ಯಕ್ರಮ, ನೀತಿಪಾಠದ ತರಗತಿ, ಸಣ್ಣ ವ್ಯಾಪಾರಿಗಳಿಗೆ ತರಬೇತಿ ಎಂದು ನಾಲ್ಕು ಜನ ಕೂತು ಹೆಣೆದ ಉತ್ತರ ನನ್ನ ನಾಲಗೆಯ ತುದಿಯಲ್ಲಿತ್ತು. ಶುರುಮಾಡು ಎಂದು ಪ್ರಾಚಾರ್ಯರು ಸನ್ನೆ ಮಾಡಿದರು. ಕಿಟಕಿಯ ಆಚೆ ಮಕ್ಕಳು ನನ್ನನ್ನೇ ನೋಡುತ್ತಿದ್ದರು. ಎದ್ದೆ. ಆಕೆಯ ಮುಖ ನೋಡಿದ ಮೇಲೆ ಆ ಉತ್ತರ ಹೇಳಲು ನನಗೆ ನಾಚಿಕೆಯಾಯಿತು.

"ಹೌದ್ರಿ," ಎಂದೆ. "ಎರಡೂ ಒಯ್ದೀವಿ."

ಅಷ್ಟೇ ಹೇಳಿ ಕೂತೆ. ನಮಗಿದ್ದ ಒಂದೇ ಅವಕಾಶ ಅಲ್ಲಿಗೆ ಮುಗಿದಿತ್ತು. ನೋಟಕರು ಏನೂ ಹೇಳದೆ ಊರು ಬಿಟ್ಟರು. ಆಮೇಲೆ ಅಂದಾನೆಪ್ಪನವರು ನನ್ನೊಂದಿಗೆ ಮಾತು ಬಿಟ್ಟರು, ಪ್ರಾಚಾರ್ಯರು ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ನೀರುಮನೆಯವರು ಬಂದು ನಮ್ಮ ಕೋಣೆಗಳ ಅಳತೆ ತೆಗೆದುಕೊಂಡೂ ಹೋದರು. ಮುದ್ರೆ ಸಿಕ್ಕಿತೆಂದು ನಮ್ಮಲ್ಲಿ ಪತ್ರ ಬರುವುದಿಲ್ಲ, ಕಲ್ಲುಕುಟಿಗ ಬರುತ್ತಾನೆ. ನಾನು ದಿನವೂ ಏನೋ ನೆಪ ಹೂಡಿ ಹೆಬ್ಬಾಗಿಲವರೆಗೆ ಹೋಗಿ ಬರುತ್ತಿದ್ದೆ.

ಕೊನೆಗೊಂದು ಬೆಳಿಗ್ಗೆ ಉಳಿಯ ಸದ್ದು ಕೇಳಿತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಪ್ರಾಚಾರ್ಯರು ಓಡಿಹೋಗಿ, ಕೆಳಗಿನ ಸಾಲನ್ನಾದರೂ ಸ್ವಲ್ಪ ಸಣ್ಣ ಅಕ್ಷರದಲ್ಲಿ ಕೆತ್ತಲು ಆದೀತೇ ಎಂದು ಕೇಳಿದರಂತೆ. ಕಲ್ಲುಕುಟಿಗ ತಲೆಯೆತ್ತಲೂ ಇಲ್ಲ. ಈಗ ನಮ್ಮ ಮುದ್ರೆಯ ಕೆಳಗೆ, ಹುಸೇನಬಿ ಆ ದಿನ ನಮ್ಮ ಕಡೆ ತಿರುಗಿ ಆಡಿದ ಮಾತಿದೆ. ಆಕೆ ಬಂದು ಓದಿ ಹೋದರು. ಮುದ್ರೆ ನಮಗೆ ಸಿಕ್ಕಿತು, ಆಕೆಯ ಅಂಗಡಿ ಇನ್ನೂ ಮುಚ್ಚಿಯೇ ಇದೆ. ಮೃತ್ಯುಂಜಯ ಶಾಲೆಗೆ ಬಂದರೆ ಹಿಂದಿನ ಬಾಗಿಲಿನಿಂದ ಬರುತ್ತಾನೆ.

ಹಿರಿಯರೇ, ನಿಮ್ಮ ತಂಡ ಬರುವ ದಿನವೂ ಹತ್ತಿರವಾಗಿರಬಹುದು. ಗೋಡೆಗೆ ಬಣ್ಣ ಹೊಡೆಸಿ, ಹೂಕುಂಡ ಇಡಿಸಿ, ಬೇಡ ಎನ್ನುವುದಿಲ್ಲ. ಪ್ರಮಾಣಪತ್ರ ತೂಗುಹಾಕುವ ಕಡೆ, ಅದರ ಕೆಳಗೆ, ಒಂದು ಸಾಲಿನಷ್ಟು ಜಾಗ ಬಿಡಿ. ಅಲ್ಲಿ ಏನು ಬರೆಯಬೇಕೆಂದು ನನ್ನನ್ನು ಕೇಳಬೇಡಿ. ಆ ದಿನ ಗೇಟಿನ ಹತ್ತಿರ ಸುಳಿಯಗೊಡಬೇಡ ಎಂದು ವಾಚ್‌ಮನ್‌ಗೆ ಒಬ್ಬರ ಹೆಸರು ಹೇಳಿಟ್ಟಿದ್ದೀರಲ್ಲ, ಅವರನ್ನು ಕೇಳಿ.

ಇತಿ,
ನೀಲಾಂಬಿಕಾ ಹೊಂಬಳ