ಡೀಸೆಲ್ ಟ್ಯಾಂಕಿನ ಕೆಳಗೆ ಬೆಂಕಿ

ದೊಡ್ಡಪ್ಪಾ,
ಲಡಾಖಿಂದ ನಿನ್ನ ಚಲಪತಿ, ಈಗ ಲಾರಿ ಕ್ಲೀನರ್ರು. ಇಲ್ಲಿ ಚಳಿಗೆ ಡೀಸೆಲ್ಲು ಕೊಬ್ಬರಿ ಎಣ್ಣೆ ಥರ ಹೆಪ್ಪುಗಟ್ಟುತ್ತೆ. ಬೆಳಿಗ್ಗೆ ಟ್ಯಾಂಕ್ ಕೆಳಗೇ ಬೆಂಕಿ ಹಾಕಿ ಕರಗಿಸ್ತೀವಿ! ಟ್ರಾಕ್ಟರ್ ಹತ್ರ ಬೀಡಿ ಹಚ್ಚಿದೋರಿಗೆ ಚಪ್ಪಲಿ ಎತ್ತೋನು ನೀನು, ಇಲ್ಲಿದ್ದಿದ್ರೆ ನಮಗೆಲ್ಲ ಏಟೇ.

ಫೋನಲ್ಲಿ “ಬಂಗಾರಪೇಟೆ ಟೇಸನ್ ದಾಟಿದೋನು ಎಕ್ಕುಟ್ಟೋಯ್ತಾನೆ ಕಣ್ಲಾ, ಬಂದು ಅಂಗ್ಡೀಲಿ ಕೂತ್ಕೋ” ಅಂದೆಯಲ್ಲ. ಚಿತ್ತೂರಿಂದ ನಡ್ಕೊಂಡು ಬಂದು ಊರಿಗಾಂ ಚಿನ್ನದ ಗಣಿಗೆ ಇಳಿದ ಮುತ್ತಾತಂಗೂ ಅವರ ದೊಡ್ಡಪ್ಪ ಹಿಂಗೇ ಬೈದಿರ್ತಾನೆ. ಮುತ್ತಾತ ಆ ಮಾತು ಕೇಳಿದ್ದಿದ್ರೆ ನೀನೆಲ್ಲಿ, ಆಂಡರ್ಸನ್‌ಪೇಟೇಲಿ ನಿನ್ನ ಅಂಗಡಿ ಎಲ್ಲಿ?

ನಾನು ಬರಲ್ಲ. ಅಂಗಡಿ ಬೀಗದ ಕೈ ನಿನ್ನ ಮಗಳು ರಾಧಾಮಣಿ ಅಕ್ಕಂಗೆ ಕೊಡು, ಅವಳಂತೂ ಕೇಳ್ತಾನೇ ಇದಾಳೆ. ತುಟಿ ಒಡೆದಿರೋದು ಬಿಟ್ರೆ ಆರೋಗ್ಯವಾಗಿದ್ದೀನಿ. ಡೀಸೆಲ್ಲು ಕರಗ್ತು, ಲಾರಿ ಸ್ಟಾರ್ಟಾಯ್ತು, ಹೊರಟೆ.

ಚಲಪತಿ