‘ಆಯ್ತು’ ಎಂಬ ಸಾಲಿನ ಕೆಳಗೆ

ಎರಡು ಸಾವಿರದ ನೂರ ತೊಂಬತ್ತೊಂದನೆಯ ಇಸವಿ, ಹದಿಮೂರನೆಯ ತಿಂಗಳು, ಮೂರನೆಯ ಭರತ
ಕಡಲಗೋಡೆ ಕೇರಿ

ವಿನುತಾ ಹರಿಕಂತ್ರ ಅವರಿಗೆ, ಮಂಕಾಳಿ ಮಾಡುವ ನಮಸ್ಕಾರಗಳು.

ತಾರೀಕು ಕಂಡು ಹುಬ್ಬೇರಿಸಬೇಡಿ. ಕಡಲು ಊರೊಳಗೆ ಬಂದ ಮೇಲೆ ನಾವು ದಿನವನ್ನು ಭರತದಿಂದ, ಅಂದರೆ ನೀರಿನ ಉಬ್ಬರದಿಂದ, ತಿಂಗಳನ್ನು ಚಂದ್ರನಿಂದ ಎಣಿಸುತ್ತೇವೆ. ಹಾಗಾಗಿ ಕೆಲವು ವರ್ಷಕ್ಕೆ ಹದಿಮೂರು ತಿಂಗಳು. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಪುಸ್ತಕಗಳಿಂದಲೂ ನನ್ನ ಅಜ್ಜಿಯಿಂದಲೂ ಕಲಿತವಳು ನಾನು. ಎರಡೂ ಕಲಸಿಹೋಗಿವೆ.

ನಿಮ್ಮ ವಿಷಯ ನನಗೆ ಗೊತ್ತಿರುವುದು ಇಷ್ಟೇ. ಬಂದರಿನ ಒಂದು ಮಂಜುಗಡ್ಡೆ ಕಾರ್ಖಾನೆಯ ಕಚೇರಿಯಲ್ಲಿ ಕೆಲಸಕ್ಕಿದ್ದಿರಿ. ಯಾರೋ ಬರೆದಿಟ್ಟಿದ್ದ ಸಿದ್ಧ ಪ್ರೋಗ್ರಾಂಗಳ ಲೈಬ್ರರಿಯೊಂದನ್ನು ಇಳಿಸಿಕೊಂಡು, ಕೆಲಸಗಾರರ ಗುಂಪಿಗಾಗಿ ಒಂದು ಚಾಟ್‌ಬಾಟ್ ಕಟ್ಟಿದಿರಿ. ಅದು ಹೆಸರು ಹಿಡಿದು ಕೆಲಸ ಹೇಳುತ್ತಿತ್ತು. ಉತ್ತರ ಬಂದೊಡನೆ ಎಲ್ಲರಿಗೂ ಸುದ್ದಿ ಮುಟ್ಟಿಸುತ್ತಿತ್ತು. ಚೆನ್ನಾಗಿ ಕಟ್ಟಿದ್ದಿರಿ, ಅದೇ ಮುಳುವಾಯಿತು. ಕೆಟ್ಟದಾಗಿದ್ದರೆ ಎಂದೋ ಎಸೆಯುತ್ತಿದ್ದರು. ಒಂದು ಕಚೇರಿಯಿಂದ ಇನ್ನೊಂದಕ್ಕೆ ನಕಲಾಗುತ್ತ, ಬಂದರು ಮುಳುಗಿದ ಮೇಲೂ ಬದುಕಿ, ಕೊನೆಗೆ ನಮ್ಮ ಕಡಲಗೋಡೆಗೆ ಬಂತು. ನಾವದನ್ನು ಹೂಂಗುಟ್ಟಪ್ಪ ಎನ್ನುತ್ತೇವೆ. ಏನು ಹೇಳಿದರೂ ಹೂಂಗುಟ್ಟುತ್ತದೆ, ಪುಣ್ಯಾತ್ಮ. ಒಮ್ಮೆಯೂ ತಿರುಗಿ ಪ್ರಶ್ನೆ ಕೇಳಿದ್ದಿಲ್ಲ.

ನಮ್ಮ ಗೋಡೆಗೆ ಏಳು ಬಾಗಿಲು. ಬಾಗಿಲು ಮುಚ್ಚಿದ್ದರೆ ಒಳಗಿನ ಕೆಸರಿಗೆ ಇಳಿದು ಬಳಚು ಆರಿಸಬಹುದು. ನಮ್ಮ ಊಟ ಮುಕ್ಕಾಲು ಪಾಲು ಆ ಚಿಪ್ಪುಮೀನಿನಿಂದಲೇ. ತೆರೆದಿದ್ದಾಗ ಇಳಿದರೆ ಭರತ ಒಂದೇ ಏಟಿಗೆ ನುಗ್ಗುತ್ತದೆ. ಮೂರನೆಯ ಬಾಗಿಲಿನ ಚಕ್ರ ತಿರುಗಿಸುವ ಕೆಲಸ ನನ್ನದು. ಅಡುಗೆಮನೆಯಲ್ಲಿ ಗೋಡೆಬಾಯಿ ಇರುತ್ತದೆ: ಗೋಡೆಗೆ ಕೂರಿಸಿದ, ಕೇಳುವ ಮತ್ತು ಮಾತಾಡುವ ಒಂದು ಬಿಲ್ಲೆ. ಹೂಂಗುಟ್ಟಪ್ಪ ಅದರಿಂದ ಕರೆಯುತ್ತಾನೆ. ಒಪ್ಪಿದೆ ಎನ್ನಲು ನಾವು ‘ಹೂಂ’ ಎನ್ನಬೇಕು, ಕೆಲಸ ಮುಗಿದಾಗ ‘ಆಯ್ತು’ ಎನ್ನಬೇಕು. ತಲೆಮಾರುಗಟ್ಟಲೆ ಹೀಗೆ ನಡೆದು, ಈಗ ನಮ್ಮ ನಿಘಂಟಿನಲ್ಲೂ ‘ಆಯ್ತು’ ಅಂದರೆ ಮುಗಿಯಿತು ಎಂಬ ಒಂದೇ ಅರ್ಥ ಉಳಿದಿದೆ.

ನಮ್ಮ ಅಜ್ಜಿಯ ಬಾಯಲ್ಲಿ ಮಾತ್ರ ಹಾಗಿರಲಿಲ್ಲ. ನೀರು ಬೇಕು ಅಂದರೆ ಕೂತಲ್ಲಿಂದಲೇ ‘ಆಯ್ತು’ ಎನ್ನುವಳು, ಸೆರಗು ಸರಿಮಾಡಿಕೊಳ್ಳುವಳು, ಮೊಣಕಾಲು ಹಿಡಿದು ಏಳುವಳು, ಆಮೇಲೆ ನೀರು. ಆ ಚಾಳಿ ನನ್ನ ನಾಲಿಗೆಗೂ ಹತ್ತಿತ್ತು. ಗೋಡೆಬಾಯಿಯ ಮುಂದೆ ಹುಷಾರಾಗಿಯೇ ಇರುತ್ತಿದ್ದೆ.

ಹನ್ನೊಂದು ವರ್ಷದ ಹಿಂದೆ, ಒಂದು ಮಧ್ಯಾಹ್ನ, ನಾನು ಗಂಜಿ ಬಸಿಯುತ್ತಿದ್ದೆ. ‘ಮಂಕಾಳಿ, ಮೂರನೆಯ ಬಾಗಿಲು ಮುಚ್ಚಿ’ ಎಂದಿತು ಗೋಡೆ. ಕೈಯಲ್ಲಿ ಸುಡುವ ಪಾತ್ರೆ. ‘ಆಯ್ತು’ ಅಂದೆ. ಹೊರಟೆ ಎಂಬ ಅರ್ಥದಲ್ಲಿ ಅಂದೆ. ಪಾತ್ರೆ ಇಳಿಸಿ, ಒಲೆ ಆರಿಸಿ, ಚಪ್ಪಲಿ ಮೆಟ್ಟಿ ನಡೆದೆ. ಮನೆಯಿಂದ ಬಾಗಿಲಿಗೆ ಹತ್ತು ನಿಮಿಷದ ದಾರಿ.

ಅಷ್ಟರಲ್ಲಿ ನನ್ನ ತಂಗಿ ನೇತ್ರೆ ಕೆಸರಿನ ಮೆಟ್ಟಿಲ ಮೇಲೆ ಬುಟ್ಟಿ ಹಿಡಿದು ನಿಂತಿದ್ದಳು. ಅಲ್ಲಿನ ಗೋಡೆಬಾಯಿಯಿಂದ ಅವಳು ನನ್ನನ್ನೇ ಕೇಳಿದ್ದಳು, ನನಗೆ ಆಮೇಲೆ ತಿಳಿಯಿತು: ‘ಅಕ್ಕಾ, ಬಾಗ್ಲು ಹಾಕ್ದೆ ಅಲ್ದಾ? ನಾ ಇಳೀತೆ.’ ಖಾಲಿ ಅಡುಗೆಮನೆಯಲ್ಲಿ ಅವಳ ದನಿ ಕೇಳಿಸಿರಬೇಕು. ನನ್ನ ಪರವಾಗಿ ಹೂಂಗುಟ್ಟಪ್ಪನೇ ಉತ್ತರ ಕೊಟ್ಟ: ‘ಬಾಗಿಲು ಮುಚ್ಚಿದೆ.’ ನಾನು ಮುಟ್ಟುವ ಹೊತ್ತಿಗೆ ನೀರು ಒಳಗೆ ನುಗ್ಗುತ್ತಿತ್ತು. ಚಕ್ರಕ್ಕೆ ಜೋತುಬಿದ್ದು ತಿರುಗಿಸಿದೆ. ಬುಟ್ಟಿ ಮಾತ್ರ ತೇಲಿಬಂತು.

ಕೇರಿಯ ಹಿರಿಯರು ವಿಚಾರಣೆಗೆ ಕೂತರು. ಆಯ್ತು ಅಂದವಳು ನೀನೇ ಹೌದಾ ಎಂದು ಕೇಳಿದರು. ಹೌದು ಅಂದೆ. ಹೊರಟೆ ಅನ್ನುವುದಕ್ಕೂ ಆ ಮಾತು ನಡೆಯುತ್ತದೆ ಎಂದು ಕೈಮುಗಿದು ಹೇಳಿದೆ. ನಿಘಂಟು ತರಿಸಿದರು. ಅಲ್ಲಿ ಇರಲಿಲ್ಲ. ಅಜ್ಜಿ ತೀರಿಹೋಗಿದ್ದಳು, ಬೇರೆ ಸಾಕ್ಷಿ ಯಾರು? ಅಂದಿನಿಂದ ನಾನು ‘ಆಗದ್ದನ್ನು ಆಯ್ತು ಅಂದವಳು’. ಕಳ್ಳಿ ಎಂದಿದ್ದರೂ ಇಷ್ಟು ನೋಯುತ್ತಿರಲಿಲ್ಲವೇನೋ. ಅವ್ವ ಮತ್ತೆ ನನ್ನೊಡನೆ ಮಾತಾಡಲೇ ಇಲ್ಲ. ತಟ್ಟೆಗೆ ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ.

ಹಟ ಹಿಡಿದು ಹಳೆಯ ಪ್ರೋಗ್ರಾಂಗಳನ್ನು ಓದಲು ಕಲಿತೆ. ಹೂಂಗುಟ್ಟಪ್ಪನ ಹೊಟ್ಟೆ ಬಗೆಯುತ್ತ ಹೋದೆ, ಪದರದ ಕೆಳಗೆ ಪದರ. ಎಲ್ಲಕ್ಕಿಂತ ಕೆಳಗೆ ನಿಮ್ಮ ಪಟ್ಟಿ ಸಿಕ್ಕಿತು. ಕೆಲಸ ಮುಗಿದದ್ದಕ್ಕೆ ನಿಮ್ಮ ಭಾಷೆಯಲ್ಲಿ ಏನನ್ನುತ್ತಾರೋ ತುಂಬಿರಿ ಎಂದು ಆ ಲೈಬ್ರರಿ ಜಾಗ ಬಿಟ್ಟಿತ್ತು. ನೀವು ‘ಮುಗೀತು’, ‘ಆಯ್ತು’ ಎಂದು ತುಂಬಿದ್ದಿರಿ. ಪಕ್ಕದಲ್ಲಿ, ಯಂತ್ರ ಓದದೆ ಬಿಡುವ, ಮನುಷ್ಯರಿಗೆಂದೇ ಇರುವ ಟಿಪ್ಪಣಿಯ ಜಾಗದಲ್ಲಿ, ನಿಮ್ಮ ಹೆಸರಿನೊಂದಿಗೆ ಹೀಗಿತ್ತು: ‘ಆಯ್ತು ಅಂದ್ರೆ ಎರಡು ಅರ್ಥ ಬತ್ತದೆ. ಸದ್ಯಕ್ಕೆ ಮುಗೀತು ಅಂತ ಇಟ್ಟಿದ್ದೆ. ಆಮೇಲೆ ನೋಡ್ವಾ.’

ಮೊದಲು ಅಳು ಬಂತು. ಎರಡು ಅರ್ಥ ಉಂಟೆಂದು ಹೇಳುವ ಒಬ್ಬರು ಈ ಭೂಮಿಯ ಮೇಲೆ ಸಿಕ್ಕರಲ್ಲ ಎಂದು. ಆಮೇಲೆ ಸಿಟ್ಟು ಬಂತು, ಸುಳ್ಳು ಹೇಳಲಾರೆ. ಗೊತ್ತಿತ್ತು ನಿಮಗೆ. ಗೊತ್ತಿದ್ದೂ ಬಿಟ್ಟಿರಿ. ಆದರೆ ಮಂಜುಗಡ್ಡೆಯ ಕೆಲಸ, ಹೆಚ್ಚೆಂದರೆ ಒಂದು ಬುಟ್ಟಿ ಮೀನು ಹಳಸೀತು. ನಿಮ್ಮ ಜಾಗದಲ್ಲಿ ನಾನಿದ್ದರೂ ಹಾಗೆಯೇ ಬಿಡುತ್ತಿದ್ದೆ. ಆ ಸಾಲನ್ನು ಅವ್ವನಿಗೆ ತೋರಿಸಬೇಕಿತ್ತು. ಅದು ಸಿಗುವುದಕ್ಕೆ ಇಪ್ಪತ್ತು ದಿನ ಮುಂಚೆ ಅವಳು ತೀರಿಕೊಂಡಿದ್ದಳು.

ಈ ಪತ್ರ ಹಿಂದಕ್ಕೆ ಹರಿಯುವುದಿಲ್ಲ ಎಂದು ಬಲ್ಲೆ. ಆದರೂ ನಿಮ್ಮ ಟಿಪ್ಪಣಿಯ ಕೆಳಗೇ, ಯಂತ್ರ ಓದದ ಜಾಗದಲ್ಲೇ ಬರೆದಿಡುತ್ತಿದ್ದೇನೆ. ಆಮೇಲೆ ನೋಡೋಣ ಎಂದಿರಿ. ತಾಯೀ, ಆ ‘ಆಮೇಲೆ’ ನನ್ನ ಮನೆಗೆ ಬಂತು. ಎಲ್ಲಿದ್ದರೂ ಒಮ್ಮೆ ತಿರುಗಿ ನೋಡಿ. ಹೆಚ್ಚೇನೂ ಬೇಡ, ಒಂದು ಪ್ರಶ್ನೆ ಸೇರಿಸಿ. ಯಾರಾದರೂ ‘ಆಯ್ತು’ ಎಂದರೆ ಅದು ಕೇಳಲಿ: ‘ಮುಗೀತಾ, ಇಲ್ಲಾ ಈಗ ಹೊರಟ್ಯಾ?’

ಅಂದು ಹೂಂಗುಟ್ಟಪ್ಪ ಹಾಗೆ ಕೇಳಿದ್ದರೆ ನಾನು ಬೈಯುತ್ತಿದ್ದೆ. ‘ಈಗ ಹೊರಟೆ ಮಾರಾಯಾ, ಗಂಜಿ ಬಸೀತೆ ಇದ್ದೆ’ ಎನ್ನುತ್ತಿದ್ದೆ. ನೇತ್ರೆ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತು, ಹತ್ತು ನಿಮಿಷ ಕಾಯುತ್ತಿದ್ದಳು.

ಇಂತಿ,
ಮೂರನೆಯ ಬಾಗಿಲಿನ ಮಂಕಾಳಿ